ಕೊಳವೆಯೊಳಗಿನ ತಾಮ್ರ, ರಿಯಾಕ್ಟರಿನೊಳಗಿನ ತಾಮ್ರ: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ಮೂಲದಲ್ಲಿರುವುದು ನಾನೇ ಸಹಿ ಹಾಕಿದ ಒಂದು ವರದಿ. ಅದರಲ್ಲಿದ್ದ ಒಂದು ಅಂಕಿ ತಪ್ಪಾಗಿತ್ತು. ಅದು ತಪ್ಪೆಂದು ನಮಗೆ ತಿಳಿಯುವ ಹೊತ್ತಿಗೆ ವರದಿ ಕಾರ್ಖಾನೆಯ ಕೈ ಸೇರಿ ಹನ್ನೊಂದು ದಿನಗಳಾಗಿದ್ದವು, ಅದನ್ನು ನಂಬಿ ಎರಡು ಪತ್ರಗಳೂ ಹೋಗಿದ್ದವು. ಕ್ರಿಯಾವರ್ಧಕಗಳ (ತಾವು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುಗಳ) ಲೋಹದ ಮೇಲ್ಮೈಯನ್ನು ಅನಿಲದ ಕ್ರಿಯೆಯಿಂದ ಅಳೆಯುವ ಕೆಲಸದಲ್ಲಿ ಇರುವವರಿಗೆ, ಅಂಥ ವರದಿಗಳನ್ನು ಓದಿ ಕೋಟಿಗಟ್ಟಲೆ ರೂಪಾಯಿಯ ತೀರ್ಮಾನ ಮಾಡುವವರಿಗೆ ಇದು ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ. ಕಾರ್ಖಾನೆಯ, ಕ್ರಿಯಾವರ್ಧಕ ಪೂರೈಸಿದವರ, ನಮ್ಮ ಪ್ರಯೋಗಾಲಯದ ಹೆಸರನ್ನು ಹೇಳುವುದಿಲ್ಲ. ಅಂಕಿಗಳನ್ನು ಸ್ವಲ್ಪ ದುಂಡಾಗಿಸಿದ್ದೇನೆ. ಅವುಗಳ ನಡುವಿನ ಅನುಪಾತಕ್ಕೆ ಧಕ್ಕೆ ಬಂದಿಲ್ಲ.

ಹಿನ್ನೆಲೆ

ನಮ್ಮದು ಪುಣೆಯ ಒಂದು ಚಿಕ್ಕ ಪರೀಕ್ಷಾ ಪ್ರಯೋಗಾಲಯ. 1950ರಲ್ಲಿ ಪಾಷಾಣ್ ಗುಡ್ಡದ ಬದಿಯಲ್ಲಿ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಬಾಗಿಲು ತೆರೆದಂದಿನಿಂದ ಈ ಊರಿನಲ್ಲಿ ಕ್ರಿಯಾವರ್ಧಕದ ಮಾತು ಆಡುವವರಿಗೆ ಕೊರತೆಯಿಲ್ಲ. ಹೀಗಾಗಿ ಮುಂಬಯಿಯ ಸುತ್ತಲಿನ ಕೈಗಾರಿಕಾ ವಸಾಹತುಗಳಿಂದ ಮಾದರಿಗಳು ಘಾಟು ಹತ್ತಿ ನಮ್ಮಂಥವರ ಬಳಿಗೂ ಬರುತ್ತವೆ. ಪ್ರಯೋಗಾಲಯದ ಮುಖ್ಯಸ್ಥೆ ಉಡುಪಿಯ ಕಡೆಯ ಮನೆತನದವರು, ಮಾಟುಂಗದಲ್ಲಿ ಬೆಳೆದವರು. ನಾನು ಧಾರವಾಡದವನು. ಆ ವರ್ಷ ತರಬೇತಿಗೆ ಸೇರಿದ್ದ ಹುಡುಗಿ ವಿಜಯಪುರದವಳು. ಮಾದರಿ ಕಳುಹಿಸಿದ ತಳೋಜಾದ ಕಾರ್ಖಾನೆಯ ಉತ್ಪಾದನಾ ಮುಖ್ಯಸ್ಥರು ಬೆಳಗಾವಿ ಜಿಲ್ಲೆಯವರು. ಹೀಗೆ ಈ ಪ್ರಕರಣದ ಮುಖ್ಯ ಮಾತುಕತೆಗಳೆಲ್ಲ ಕನ್ನಡದಲ್ಲೇ ನಡೆದವು. ಅದರಿಂದ ಒಂದು ಅನುಕೂಲವಾಯಿತು, ಒಂದು ಬಿಕ್ಕಟ್ಟೂ ಎದುರಾಯಿತು. ಎರಡನ್ನೂ ಮುಂದೆ ಹೇಳುತ್ತೇನೆ.

ಆ ಕಾರ್ಖಾನೆ ಫರ್ಫ್ಯೂರಾಲ್‌ನಿಂದ ಫರ್ಫ್ಯೂರಿಲ್ ಆಲ್ಕೊಹಾಲ್ ತಯಾರಿಸುತ್ತದೆ. ಮೆಕ್ಕೆಜೋಳದ ದಿಂಡು, ಕಬ್ಬಿನ ಸಿಪ್ಪೆಗಳಿಂದ ಬರುವ ವಸ್ತು ಫರ್ಫ್ಯೂರಾಲ್. ಅದರ ಆವಿಗೆ ಹೈಡ್ರೋಜನ್ ಬೆರೆಸಿ ತಾಮ್ರದ ಕ್ರಿಯಾವರ್ಧಕದ ಮೇಲೆ ಹಾಯಿಸಿದರೆ ಆಲ್ಕೊಹಾಲ್ ಆಗುತ್ತದೆ. ಆ ಆಲ್ಕೊಹಾಲ್ ಮುಂದೆ ರಾಳವಾಗಿ, ಎರಕದ ಮನೆಗಳಲ್ಲಿ ಮರಳಿನ ಅಚ್ಚನ್ನು ಗಟ್ಟಿಗೊಳಿಸಲು ಬಳಕೆಯಾಗುತ್ತದೆ. ಕೊಲ್ಹಾಪುರ ಮತ್ತು ಬೆಳಗಾವಿಯ ಫೌಂಡ್ರಿಗಳು ಅದರ ದೊಡ್ಡ ಗಿರಾಕಿಗಳು. ಬಹುಕಾಲ ಈ ಕೆಲಸಕ್ಕೆ ತಾಮ್ರ-ಕ್ರೋಮಿಯಂ ಕ್ರಿಯಾವರ್ಧಕವೇ ರೂಢಿಯಲ್ಲಿತ್ತು. ಕ್ರೋಮಿಯಂ ತ್ಯಾಜ್ಯದ ಅಪಾಯದಿಂದ ತಪ್ಪಿಸಿಕೊಳ್ಳಲು ಈ ಕಾರ್ಖಾನೆ ತಾಮ್ರ, ಸತುವಿನ ಆಕ್ಸೈಡ್ ಮತ್ತು ಅಲ್ಯುಮಿನಾ ಸೇರಿದ ಗುಳಿಗೆಗಳಿಗೆ ಬದಲಾಗಿತ್ತು. ತೂಕದಲ್ಲಿ ಶೇಕಡಾ 40ರಷ್ಟು ತಾಮ್ರ.

ತಕರಾರು

ಹೊಸ ಬ್ಯಾಚ್ ತುಂಬಿಸಿದ ಮೊದಲ ವಾರದಿಂದಲೇ ಪರಿವರ್ತನೆ, ಅಂದರೆ ಫರ್ಫ್ಯೂರಾಲ್‌ನಲ್ಲಿ ಕ್ರಿಯೆಗೆ ಒಳಗಾಗುವ ಪಾಲು, ಕುಸಿದಿತ್ತು. ಹಿಂದಿನ ಬ್ಯಾಚಿನಲ್ಲಿ ಶೇಕಡಾ 99 ಇದ್ದದ್ದು 91ಕ್ಕೆ ಇಳಿದಿತ್ತು. ಕ್ರಿಯೆಗೆ ಸಿಗದ ಫರ್ಫ್ಯೂರಾಲ್ ಆಲ್ಕೊಹಾಲಿನಲ್ಲಿ ಉಳಿದು, ಬಟ್ಟಿ ಇಳಿಸುವ ಕಂಬದ ಮೇಲೆ ಹೊರೆ ಬಿದ್ದು, ಎರಡು ಲಾರಿ ಮಾಲು ಬೆಳಗಾವಿಯಿಂದ ವಾಪಸಾಗಿತ್ತು. ಪೂರೈಕೆದಾರರು ತಮ್ಮ ಪ್ರಮಾಣಪತ್ರ ತೋರಿಸಿದರು: ತಾಮ್ರದ ಪ್ರಮಾಣ ಸರಿ, ಗುಳಿಗೆಯ ಗಟ್ಟಿತನ ಸರಿ, ಒಟ್ಟು ಮೇಲ್ಮೈ ಹಿಂದಿನ ಬ್ಯಾಚಿನಷ್ಟೇ. ಗಂಧಕ ಮತ್ತು ಕ್ಲೋರಿನ್ ಎರಡೂ ತಾಮ್ರಕ್ಕೆ ವಿಷ. ಅವನ್ನು ನಾವೂ ಪರೀಕ್ಷಿಸಿದೆವು. ಲೆಕ್ಕಕ್ಕೆ ಬರುವಷ್ಟು ಏನೂ ಸಿಗಲಿಲ್ಲ.

ಒಟ್ಟು ಮೇಲ್ಮೈ ಎಂಬುದು ಇಲ್ಲಿ ಎಷ್ಟು ಕಡಿಮೆ ಹೇಳುತ್ತದೆ ಎಂಬುದನ್ನು ವಿವರಿಸಬೇಕು. ಅದನ್ನು ಅಳೆಯುವುದು 1938ರಲ್ಲಿ ಬ್ರುನೌವರ್, ಎಮ್ಮೆಟ್ ಮತ್ತು ಟೆಲ್ಲರ್ ಕೊಟ್ಟ ಲೆಕ್ಕದಿಂದ. ಮೈನಸ್ 196 ಡಿಗ್ರಿಯಲ್ಲಿ ನೈಟ್ರೋಜನ್ ಅಣುಗಳು ಮೇಲ್ಮೈಯ ಮೇಲೆ ಪದರವಾಗಿ ಕೂರುತ್ತವೆ. ಅಲ್ಯುಮಿನಾ, ಸತುವಿನ ಆಕ್ಸೈಡ್, ತಾಮ್ರ ಎಂಬ ಭೇದ ನೈಟ್ರೋಜನ್‌ಗೆ ಇಲ್ಲ. ಊರಿನ ಒಟ್ಟು ಜಮೀನಿನಲ್ಲಿ ಬೆಳೆ ನಿಂತದ್ದು ಎಷ್ಟು, ಬಂಡೆ ಎಷ್ಟು ಎಂದು ಕೇಳಿದರೆ ಸರ್ವೆ ಸಂಖ್ಯೆ ಉತ್ತರ ಕೊಡಲಾರದು. ತಾಮ್ರ ಎಷ್ಟು ಹೊರಗೆ ಕಾಣುತ್ತದೆ ಎಂದು ತಿಳಿಯಲು ತಾಮ್ರದೊಡನೆ ಮಾತ್ರ ವ್ಯವಹರಿಸುವ ಅನಿಲ ಬೇಕು.

ಪ್ಲಾಟಿನಂ ಆಗಿದ್ದರೆ ದಾರಿ ಸುಲಭ. 1965ರಲ್ಲಿ ಬೆನ್ಸನ್ ಮತ್ತು ಬೂಡಾರ್ಟ್ ತೋರಿಸಿದಂತೆ, ಪ್ಲಾಟಿನಂ ಮೇಲ್ಮೈಗೆ ಮೊದಲು ಆಮ್ಲಜನಕವನ್ನು ಅಂಟಿಸಿ ಆಮೇಲೆ ಹೈಡ್ರೋಜನ್ ಕೊಟ್ಟರೆ ಪ್ರತಿ ಪರಮಾಣುವಿಗೆ ಮೂರು ಪಟ್ಟು ಹೈಡ್ರೋಜನ್ ಖರ್ಚಾಗುತ್ತದೆ. ಎರಡು ಪಾಲು ನೀರಾಗಲು, ಒಂದು ಪಾಲು ಲೋಹಕ್ಕೆ ಅಂಟಲು. ಅಳತೆ ಅಷ್ಟು ಸೂಕ್ಷ್ಮವಾಗುತ್ತದೆ. ಪಲ್ಲೇಡಿಯಂ ಬೇರೆ ರೀತಿಯಲ್ಲಿ ಕಷ್ಟ ಕೊಡುತ್ತದೆ, ಹೈಡ್ರೋಜನ್ನನ್ನು ಒಡಲೊಳಗೇ ನುಂಗಿಬಿಡುತ್ತದೆ. ತಾಮ್ರದ ತೊಂದರೆ ಇವೆರಡಕ್ಕೂ ವಿರುದ್ಧ. ಹೈಡ್ರೋಜನ್ ಅದರ ಮೇಲೆ ಸುಲಭವಾಗಿ ಒಡೆಯುವುದಿಲ್ಲ, ಕಾರ್ಬನ್ ಮೊನಾಕ್ಸೈಡ್ ಕೊಠಡಿಯ ಉಷ್ಣತೆಯಲ್ಲಿ ಗಟ್ಟಿಯಾಗಿ ನಿಲ್ಲುವುದಿಲ್ಲ. ಆದ್ದರಿಂದ ತಾಮ್ರದವರು ನೈಟ್ರಸ್ ಆಕ್ಸೈಡ್‌ನ ಮೊರೆ ಹೋಗುತ್ತಾರೆ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಮಂಪರಿಗೆ ಕೊಡುವ ನಗೆ ಅನಿಲವೇ ಅದು.

ಕ್ರಿಯೆ ಸರಳ. ನೈಟ್ರಸ್ ಆಕ್ಸೈಡ್‌ನ ಒಂದು ಅಣು ತನ್ನ ಆಮ್ಲಜನಕವನ್ನು ಎರಡು ತಾಮ್ರದ ಪರಮಾಣುಗಳ ಮೇಲೆ ಬಿಟ್ಟು ನೈಟ್ರೋಜನ್ ಆಗಿ ಹೊರಬರುತ್ತದೆ. ಹೊರಬಂದ ನೈಟ್ರೋಜನ್ ಎಷ್ಟೆಂದು ಎಣಿಸಿದರೆ ಮೇಲ್ಮೈಯಲ್ಲಿ ತಾಮ್ರದ ಪರಮಾಣುಗಳು ಎಷ್ಟೆಂದು ತಿಳಿಯುತ್ತದೆ. ಕ್ರಿಯೆಗೆ ಸಿಗದ ನೈಟ್ರಸ್ ಆಕ್ಸೈಡ್ ದ್ರವ ನೈಟ್ರೋಜನ್‌ನಲ್ಲಿ ಅದ್ದಿದ ಬಲೆಯಲ್ಲಿ ಹೆಪ್ಪುಗಟ್ಟಿ ನಿಲ್ಲುತ್ತದೆ, ನೈಟ್ರೋಜನ್ ಮಾತ್ರ ಹೀಲಿಯಂ ಜೊತೆಗೆ ಸಂವೇದಕದತ್ತ ಸಾಗುತ್ತದೆ. ಒಂದು ಚದರ ಮೀಟರ್ ತಾಮ್ರದ ಮೇಲೆ 1.46 × 10¹⁹ ಪರಮಾಣುಗಳು ಎಂದು ಹಿಡಿದರೆ ಲೆಕ್ಕ ಮುಗಿಯಿತು. ತಾಮ್ರವೆಲ್ಲವೂ ಮೇಲ್ಮೈಯಲ್ಲೇ ಇದ್ದಿದ್ದರೆ ಒಂದು ಗ್ರಾಂಗೆ ಸುಮಾರು 650 ಚದರ ಮೀಟರ್ ಆಗುತ್ತಿತ್ತು. ನಿಜದಲ್ಲಿ ಶೇಕಡಾ 5 ಹೊರಗಿದ್ದರೆ ಸುಮಾರು 32, ಅಂದರೆ ಶೇಕಡಾ 40 ತಾಮ್ರವಿರುವ ಕ್ರಿಯಾವರ್ಧಕದ ಪ್ರತಿ ಗ್ರಾಂಗೆ 13 ಚದರ ಮೀಟರ್.

ಸರಳವಾದದ್ದು ಕ್ರಿಯೆ ಮಾತ್ರ. ಆಮ್ಲಜನಕವು ಮೇಲ್ಮೈಯ ಪರಮಾಣುಗಳ ಹತ್ತಿರವೇ ನಿಲ್ಲಬೇಕು, ಒಳಗೆ ಇಳಿಯಬಾರದು. ಇಡೀ ವಿಧಾನ ನಿಂತಿರುವುದು ಈ ಒಂದು ಷರತ್ತಿನ ಮೇಲೆ.

ಮೊದಲ ಅಂಕಿ

ಹಿಂದಿನ ವರ್ಷ ಇದೇ ಕಾರ್ಖಾನೆಯ ಹಳೆಯ ಬ್ಯಾಚನ್ನು ನಾವೇ ಅಳೆದಿದ್ದೆವು, ಕ್ರಿಯಾವರ್ಧಕದ ಪ್ರತಿ ಗ್ರಾಂಗೆ 13 ಚದರ ಮೀಟರ್ ಬಂದಿತ್ತು. ಈಗ ಹೊಸ ಬ್ಯಾಚಿಗೆ 17 ಬಂತು. ಕೆಲಸ ಮಾಡದ ಕ್ರಿಯಾವರ್ಧಕದ ತಾಮ್ರದ ಮೇಲ್ಮೈ, ಕೆಲಸ ಮಾಡುತ್ತಿದ್ದದ್ದಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚು. ಎರಡು ಸಲ ಅಳೆದೆವು. ಎರಡೂ ಸಲ ಹತ್ತಿರ ಹತ್ತಿರ ಅದೇ ಅಂಕಿ. ನಾನು ಸಹಿ ಹಾಕಿದೆ.

ಆ ಸಹಿಯ ಹಿಂದಿನ ಯೋಚನೆಯನ್ನು ಬಿಚ್ಚಿಡಬೇಕು. ಎರಡು ಸಲ ಒಂದೇ ಅಂಕಿ ಬಂದರೆ ಅದು ಸರಿ ಎಂದು ನಾನು ಭಾವಿಸಿದ್ದೆ. ಒಂದೇ ತಪ್ಪನ್ನು ಎರಡು ಸಲ ಮಾಡಿದರೂ ಒಂದೇ ಅಂಕಿ ಬರುತ್ತದೆ ಎಂದು ಆಗ ಹೊಳೆಯಲಿಲ್ಲ. ಕಾರ್ಖಾನೆಯವರು ಆ ವರದಿಯನ್ನು ಮುಂದಿಟ್ಟು ಪೂರೈಕೆದಾರರಿಗೆ ಬರೆದರು: ಮೇಲ್ಮೈ ಹೆಚ್ಚಿದ್ದೂ ಕೆಲಸ ಆಗುತ್ತಿಲ್ಲ ಎಂದರೆ ತಾಮ್ರದ ಜೊತೆಗಿನ ಮಿಶ್ರಣವನ್ನೇ ನೀವು ಬದಲಿಸಿದ್ದೀರಿ. ಪೂರೈಕೆದಾರರು ಅದೇ ವರದಿಯನ್ನು ತಮ್ಮ ಪರವಾಗಿ ಓದಿದರು: ನಿಮ್ಮ ಪ್ರಯೋಗಾಲಯವೇ ನಮ್ಮ ಮಾಲು ಉತ್ತಮ ಎನ್ನುತ್ತಿದೆ.

ತಿರುವು ಬಂದದ್ದು ಆ ತರಬೇತಿಯ ಹುಡುಗಿಯಿಂದ. ಬೇರೊಂದು ಮಾದರಿಯ ಅಳತೆ ಕಲಿಸುತ್ತ ನಾನು ಆಕೆಗೆ ಹಳೆಯ ನಕ್ಷೆಗಳನ್ನು ತೋರಿಸುತ್ತಿದ್ದೆ. ನೈಟ್ರಸ್ ಆಕ್ಸೈಡನ್ನು ಚಿಕ್ಕ ಚಿಕ್ಕ ತುತ್ತುಗಳಾಗಿ ಕೊಡುತ್ತೇವೆ. ಮೊದಲ ಕೆಲವು ತುತ್ತುಗಳು ಪೂರ್ತಿ ಕ್ರಿಯೆಗೆ ಹೋಗುತ್ತವೆ, ನಂತರ ಒಂದೆರಡು ಅರ್ಧಂಬರ್ಧ, ಆಮೇಲೆ ನೈಟ್ರೋಜನ್ ಬರುವುದು ನಿಲ್ಲಬೇಕು. ಹೊಸ ಬ್ಯಾಚಿನ ನಕ್ಷೆಯ ಮೇಲೆ ಬೆರಳಿಟ್ಟು ಆಕೆ ಕೇಳಿದಳು: "ಸರ್, ಇದರಲ್ಲಿ ಕೊನೆಯ ತುತ್ತಿನಲ್ಲೂ ಸ್ವಲ್ಪ ನೈಟ್ರೋಜನ್ ಬರುತ್ತಿದೆಯಲ್ಲ. ಇನ್ನೂ ಹತ್ತು ತುತ್ತು ಕೊಟ್ಟಿದ್ದರೆ ಇನ್ನೂ ಬರುತ್ತಿತ್ತೇನು?"

ನಾನು ಉತ್ತರ ಕೊಡಲಿಲ್ಲ. ನಕ್ಷೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಹನ್ನೆರಡನೆಯ ತುತ್ತಿನ ನಂತರವೂ ಪ್ರತಿ ಸಲ ಶೇಕಡಾ ಮೂರು-ನಾಲ್ಕರಷ್ಟು ಕ್ರಿಯೆಗೆ ಹೋಗುತ್ತಲೇ ಇತ್ತು. ಉಪಕರಣದ ತಂತ್ರಾಂಶ ಇಪ್ಪತ್ತು ತುತ್ತುಗಳನ್ನು ಒಟ್ಟು ಕೂಡಿಸಿ ಅಂಕಿ ಕೊಟ್ಟಿತ್ತು. ಆ ಬಾಲವನ್ನು ನಾನು ನೋಡಿಯೇ ಇರಲಿಲ್ಲ.

ಏನೇನು ಪ್ರಯತ್ನಿಸಿದೆವು

ಮೊದಲ ಅನುಮಾನ ಸೋರಿಕೆಯ ಮೇಲೆ ಹೋಯಿತು. ಆಷಾಢದ ಮಳೆ, ಗೋಡೆಗಳೆಲ್ಲ ತೇವ. ಅನಿಲದ ಕೊಳವೆಯೊಳಗೆ ಗಾಳಿ ನುಸುಳಿದರೆ ಅದರ ನೈಟ್ರೋಜನ್ ಕೂಡ ಲೆಕ್ಕಕ್ಕೆ ಸೇರುತ್ತದೆ. ಒಂದು ವಾರ ಪ್ರತಿ ಕೀಲನ್ನೂ ಬಿಚ್ಚಿ ಕಟ್ಟಿದೆವು. ಖಾಲಿ ಕೊಳವೆಯಲ್ಲಿ ಅಳೆದೆವು, ತಾಮ್ರವಿಲ್ಲದ ಅಲ್ಯುಮಿನಾ ಇಟ್ಟು ಅಳೆದೆವು. ಎರಡರಲ್ಲೂ ಏನೂ ಬರಲಿಲ್ಲ. ಆ ವಾರ ವ್ಯರ್ಥ ಎಂದು ಆಗ ಅನಿಸಿತ್ತು. ಈಗ ಹಾಗೆ ಅನಿಸುವುದಿಲ್ಲ. ಬಾಲ ತಾಮ್ರದಿಂದಲೇ ಬರುತ್ತಿದೆ ಎಂದು ಖಚಿತವಾದದ್ದು ಅದರಿಂದಲೇ.

ಆಮೇಲೆ ಹಿಂದಿನ ವರ್ಷದ ಕಡತ ತೆಗೆದೆವು. ಹಳೆಯ ಬ್ಯಾಚನ್ನು 60 ಡಿಗ್ರಿಯಲ್ಲಿ, 100 ಮಿಲಿಗ್ರಾಂ ಮಾದರಿಯಿಂದ ಅಳೆದಿದ್ದೆವು. ಈ ವರ್ಷ 90 ಡಿಗ್ರಿಯಲ್ಲಿ, 300 ಮಿಲಿಗ್ರಾಂನಿಂದ. ನಡುವೆ ಹೊಸ ಉಪಕರಣ ಬಂದಿತ್ತು. ಅದರ ಜೊತೆಗೆ ಸಿದ್ಧವಾಗಿ ಬಂದ ವಿಧಾನದಲ್ಲಿ 90 ಎಂದಿತ್ತು. ಯಾರೂ ಅದನ್ನು ಬದಲಿಸಲಿಲ್ಲ, ಯಾರೂ ಪ್ರಶ್ನಿಸಲೂ ಇಲ್ಲ. ಅಂದರೆ ನಾವು ಹೋಲಿಸಿದ್ದು ಎರಡು ಬ್ಯಾಚುಗಳನ್ನಲ್ಲ, ಎರಡು ವಿಧಾನಗಳನ್ನು.

90 ಡಿಗ್ರಿಯನ್ನೇ ತಪ್ಪೆನ್ನಲಾಗದು. ಎಚ್ಚರದಿಂದ ಮಾಡಿದರೆ ಆ ಉಷ್ಣತೆಯಲ್ಲೂ ಈ ಅಳತೆಯನ್ನು ಮಾಡುವವರಿದ್ದಾರೆ. ನಮ್ಮಲ್ಲಿ ಸಂಗತಿ ಬೇರೆ ಇತ್ತು. ನಮ್ಮ ಉಷ್ಣಮಾಪಕ ಇದ್ದದ್ದು ಒಲೆಯ ಗೋಡೆಯ ಬಳಿ, ಕ್ರಿಯಾವರ್ಧಕದ ಒಳಗಲ್ಲ. ನೈಟ್ರಸ್ ಆಕ್ಸೈಡ್ ತಾಮ್ರದೊಡನೆ ಕೂಡುವಾಗ ಪ್ರತಿ ಮೋಲ್‌ಗೆ ಸುಮಾರು 250 ಕಿಲೋಜೂಲ್ ಶಾಖ ಹೊರಬೀಳುತ್ತದೆ. 300 ಮಿಲಿಗ್ರಾಂ ಮಾದರಿಯ ಮೇಲ್ಮೈ ಪೂರ್ತಿ ಆಗುವಷ್ಟರಲ್ಲಿ ಸುಮಾರು 12 ಜೂಲ್. ಅದು ಒಮ್ಮೆಲೇ ಬಿದ್ದು ಎಲ್ಲಿಗೂ ಹೋಗದೆ ಉಳಿದರೆ ಅಷ್ಟು ಸಣ್ಣ ರಾಶಿಯ ಉಷ್ಣತೆ ಎಪ್ಪತ್ತು-ಎಂಬತ್ತು ಡಿಗ್ರಿ ಏರಬಹುದು. ನಿಜದಲ್ಲಿ ಬಹುಪಾಲು ಶಾಖವನ್ನು ಹೀಲಿಯಂ ಒಯ್ಯುತ್ತದೆ. ಆದರೂ ತುತ್ತು ದೊಡ್ಡದಾಗಿದ್ದರೆ ತಾಮ್ರದ ಹರಳುಗಳು ಕ್ಷಣಹೊತ್ತಾದರೂ ನೂರು ದಾಟುತ್ತವೆ, ಆಮ್ಲಜನಕ ಒಳಪದರಕ್ಕೆ ಇಳಿಯಲು ತೊಡಗುತ್ತದೆ. ನಿಲ್ಲದ ಆ ಬಾಲದ ಅರ್ಥ ಇದೇ.

ಹಳೆಯ ಬ್ಯಾಚಿನ ಉಳಿದ ಮಾದರಿ ಒಣಡಬ್ಬಿಯಲ್ಲಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು, ತುತ್ತಿನ ಗಾತ್ರವನ್ನು ಕಾಲು ಭಾಗಕ್ಕೆ ಇಳಿಸಿ, ಉಷ್ಣಮಾಪಕವನ್ನು ಗುಳಿಗೆಯ ಪುಡಿಯ ನಡುವೆಯೇ ತೂರಿಸಿ, 60 ಡಿಗ್ರಿಯಲ್ಲಿ ಅಳೆದೆವು. ಎರಡಕ್ಕೂ 13. 75 ಡಿಗ್ರಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಹಳೆಯ ಬ್ಯಾಚನ್ನು ಬೇಕೆಂದೇ ದೊಡ್ಡ ತುತ್ತಿನಿಂದ 90ರಲ್ಲಿ ಅಳೆದಾಗ ಅದಕ್ಕೂ 17 ಬಂತು, 110ರಲ್ಲಿ 24. ಉಷ್ಣತೆಯೊಡನೆ ಏರುತ್ತಲೇ ಹೋಗುವ ಅಂಕಿ ಮೇಲ್ಮೈಯದ್ದಾಗಿರಲು ಸಾಧ್ಯವಿಲ್ಲ.

ಇನ್ನೊಂದು ದಾರಿಯಿಂದಲೂ ತಾಳೆ ನೋಡಿದೆವು. ನೈಟ್ರಸ್ ಆಕ್ಸೈಡ್ ಕೊಟ್ಟ ಮೇಲೆ ಮತ್ತೆ ಹೈಡ್ರೋಜನ್ ಕೊಟ್ಟು ನಿಧಾನವಾಗಿ ಬಿಸಿ ಮಾಡಿದರೆ, ಅಂಟಿಕೊಂಡ ಆಮ್ಲಜನಕವೆಲ್ಲ ನೀರಾಗಿ ಹೋಗುತ್ತದೆ. ಮೊದಲ ಅಪಕರ್ಷಣದಲ್ಲಿ (ಹೊಸ ಗುಳಿಗೆಯ ತಾಮ್ರದ ಆಕ್ಸೈಡಿನಿಂದ ಆಮ್ಲಜನಕವನ್ನು ಹೈಡ್ರೋಜನ್ ಕಿತ್ತು ಅದನ್ನು ತಾಮ್ರವಾಗಿಸುವ ಹಂತದಲ್ಲಿ) ಖರ್ಚಾದ ಹೈಡ್ರೋಜನ್ ಒಟ್ಟು ತಾಮ್ರವನ್ನು ಹೇಳುತ್ತದೆ, ಎರಡನೆಯದು ಮೇಲ್ಮೈಯ ತಾಮ್ರವನ್ನು. ಎರಡನೆಯದರ ದುಪ್ಪಟ್ಟನ್ನು ಮೊದಲನೆಯದರಿಂದ ಭಾಗಿಸಿದರೆ ಹೊರಗಿರುವ ಪಾಲು ಸಿಗುತ್ತದೆ. ಅದು ಶೇಕಡಾ 5 ಎಂದಿತು. ಒಂದು ಅಳತೆ ನೈಟ್ರೋಜನ್ನನ್ನು ಎಣಿಸಿತ್ತು, ಇನ್ನೊಂದು ಹೈಡ್ರೋಜನ್ನನ್ನು. ಎರಡೂ ಒಂದೇ ಕಡೆ ಬಂದು ನಿಂತವು.

13 ಎಂಬುದೂ ಪರಮಸತ್ಯವಲ್ಲ. ಸತುವಿನ ಆಕ್ಸೈಡ್ ಇರುವಲ್ಲಿ ಅಪಕರ್ಷಣ ತೀವ್ರವಾದರೆ, ಸತುವಿನ ಭಾಗದಲ್ಲಿ ಉಂಟಾದ ಆಮ್ಲಜನಕದ ಕೊರತೆಗಳೂ ನೈಟ್ರಸ್ ಆಕ್ಸೈಡನ್ನು ಒಡೆಯುತ್ತವೆ, ಅಂಕಿ ಉಬ್ಬುತ್ತದೆ. ಹಾಗಾಗಿ ಅಪಕರ್ಷಣವನ್ನು 230 ಡಿಗ್ರಿ ಮೀರದಂತೆ, ತೆಳುವಾದ ಹೈಡ್ರೋಜನ್‌ನಲ್ಲಿ, ನಿಮಿಷಕ್ಕೆ ಒಂದೇ ಡಿಗ್ರಿ ಏರಿಸಿ ಮಾಡಿದೆವು, ಅಂಕಿಯನ್ನು ಹೋಲಿಕೆಗೆ ಮಾತ್ರ ಬಳಸಿದೆವು.

ವರದಿ ಹಿಂತೆಗೆದದ್ದು

ಮುಖ್ಯಸ್ಥೆಗೆ ಹೇಳಿದಾಗ ಅವರು ಕುರ್ಚಿಯಿಂದ ಏಳದೆ, "ಇವತ್ತೇ ಬರೆಯಿರಿ. ನಾಳೆ ಬೆಳಗಿಗೆ ಅದು ಅವರ ಮೇಜಿನ ಮೇಲಿರಬೇಕು" ಎಂದರು. ಮೊದಲ ವರದಿ ರದ್ದು, ಕಾರಣ ಇಂಥದು, ಹೊಸ ಅಂಕಿ ಇಂಥದು ಎಂದು ಬರೆದು ಎರಡೂ ಕಡೆಗೆ ಕಳುಹಿಸಿದೆವು. ಪರೀಕ್ಷೆಯ ಶುಲ್ಕ ಮರಳಿಸಿದೆವು.

ಅಂದೇ ಮಧ್ಯಾಹ್ನ ಉತ್ಪಾದನಾ ಮುಖ್ಯಸ್ಥರು ಫೋನ್ ಮಾಡಿದರು. ಬೈಯಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. "ನೋಡು ತಮ್ಮಾ, ಎರಡೂ ಬ್ಯಾಚು ಒಂದೇ ಎಂದು ನೀನು ಬರೆದರೆ ತಪ್ಪು ನನ್ನ ಸ್ಥಾವರದ್ದು ಎಂದಾಗುತ್ತದೆ. ಹೊಸದು ಸ್ವಲ್ಪ ಕಡಿಮೆ ಎಂದಾದರೂ ಬರೆಯಲು ಬರುವುದಿಲ್ಲವೇ? ಅಳತೆಯಲ್ಲಿ ಅಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ ಎಂದು ನೀನೇ ಹೇಳುತ್ತೀಯಲ್ಲ."

ಇಲ್ಲಿಯೇ ಭಾಷೆಯ ಬಿಕ್ಕಟ್ಟು. ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಕೇಳಿದ್ದರೆ ಆಗುವುದಿಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆ. ತಮ್ಮಾ ಎಂದು ಕರೆದ ಹಿರಿಯರಿಗೆ ಹಾಗೆ ಹೇಳಲು ನಾಲಗೆ ಏಳಲಿಲ್ಲ. ನಾನು ಅಂದದ್ದು ಇಷ್ಟು: "ಸರ್, ಅಂಕಿಯನ್ನು ಮುಟ್ಟಲಾರೆ. ಆದರೆ ನಿಮ್ಮ ಪ್ರಶ್ನೆಗೆ ಈ ಅಂಕಿ ಉತ್ತರವಲ್ಲ. ನಾನು ಅಳೆದದ್ದು ನನ್ನ ಕೊಳವೆಯಲ್ಲಿ ನಾನು ಅಪಕರ್ಷಿಸಿದ ತಾಮ್ರವನ್ನು. ನಿಮ್ಮ ರಿಯಾಕ್ಟರಿನಲ್ಲಿ ಇರುವುದು ನೀವು ಅಪಕರ್ಷಿಸಿದ ತಾಮ್ರ. ಅದನ್ನು ಕಳುಹಿಸಿ."

ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, "ಅಂದರೆ ರಿಯಾಕ್ಟರ್ ತೆರೆಯಬೇಕು" ಎಂದರು.

ಹೌದು, ತೆರೆಯಬೇಕಿತ್ತು. ಈ ಇಡೀ ಪ್ರಕರಣದಲ್ಲಿ ಯಾರಾದರೂ ಮಾಡಿದ ಅತಿ ಕಷ್ಟದ ತೀರ್ಮಾನ ಅದು, ಮಾಡಿದವರು ಅವರು. ಸ್ಥಾವರ ನಿಲ್ಲಿಸಬೇಕು. ಬಳಸಿದ ತಾಮ್ರ ಗಾಳಿಗೆ ಸಿಕ್ಕರೆ ತಾನೇ ಕಾದು ಹೊತ್ತಿಕೊಳ್ಳಬಹುದು. ಆದ್ದರಿಂದ ನೈಟ್ರೋಜನ್‌ನಲ್ಲಿ ತಣಿಸಿ, ಅದಕ್ಕೆ ಗಾಳಿಯನ್ನು ಚಿಟಿಕೆಯಷ್ಟು ಬೆರೆಸುತ್ತ ಹೊರಪದರವನ್ನು ಮೆಲ್ಲಗೆ ಉತ್ಕರ್ಷಿಸಿ, ಆಮೇಲೆ ತೆಗೆಯಬೇಕು. ಅವರ ಮೇಲಧಿಕಾರಿಗಳು ಒಪ್ಪಲು ಐದು ದಿನ ಹಿಡಿಯಿತು. ಅನುಕೂಲ ಎಂದೆನಲ್ಲ, ಅದು ಇಲ್ಲಿ. ಪ್ರತಿ ಸಂಜೆ ಅವರು ಫೋನ್ ಮಾಡಿ ಒಂದೊಂದು ಪ್ರಶ್ನೆ ಕೇಳುತ್ತಿದ್ದರು, ನಾನು ಗೊತ್ತಿದ್ದನ್ನು ಬಿಡಿಸಿ ಹೇಳುತ್ತಿದ್ದೆ. ಬರಹದ ಭಾಷೆಯಲ್ಲಿ ಅಷ್ಟು ಪ್ರಶ್ನೆಗಳು ಏಳುತ್ತಿರಲಿಲ್ಲ.

ಹಾಸಿಗೆಯ ಮೂರು ಮಾದರಿಗಳು

ರಿಯಾಕ್ಟರಿನಲ್ಲಿ ತುಂಬಿದ ಗುಳಿಗೆಗಳ ರಾಶಿಗೆ ಹಾಸಿಗೆ ಎನ್ನುತ್ತೇವೆ. ಅದರ ಮೇಲ್ಭಾಗ, ನಡು, ತಳ ಹೀಗೆ ಮೂರು ಕಡೆಯಿಂದ ತೆಗೆದ ಗುಳಿಗೆಗಳು ನೈಟ್ರೋಜನ್ ತುಂಬಿದ ಬಾಟಲಿಗಳಲ್ಲಿ ಖಂಡಾಲ ಘಾಟಿನ ಮಳೆಯಲ್ಲಿ ಪುಣೆಗೆ ಬಂದವು. ಅವನ್ನು ಅದೇ 230 ಡಿಗ್ರಿಯ ವಿಧಾನದಲ್ಲಿ ಮತ್ತೆ ಅಪಕರ್ಷಿಸಿ ಅಳೆದೆವು. ತಳ 9. ನಡು 4. ಮೇಲ್ಭಾಗ 5. ಹೊಸದಾಗಿದ್ದಾಗ 13.

ಇಲ್ಲಿ ಅವಸರಪಟ್ಟಿದ್ದರೆ ಮತ್ತೊಂದು ತಪ್ಪಾಗುತ್ತಿತ್ತು. ಬಳಸಿದ ಕ್ರಿಯಾವರ್ಧಕದಲ್ಲಿ ಅಂಕಿ ಇಳಿಯಲು ಎರಡು ಕಾರಣಗಳಿರಬಹುದು. ತಾಮ್ರದ ಚಿಕ್ಕ ಹರಳುಗಳು ಬಿಸಿಗೆ ಒಂದಕ್ಕೊಂದು ಕೂಡಿ ದೊಡ್ಡದಾಗಿರಬಹುದು. ಅಥವಾ ಹರಳುಗಳು ಚಿಕ್ಕದಾಗಿಯೇ ಇದ್ದು, ಫರ್ಫ್ಯೂರಾಲ್‌ನ ಅಂಟು ಅವುಗಳ ಮೇಲೆ ಕುಳಿತು ಮುಚ್ಚಿರಬಹುದು. ನೈಟ್ರಸ್ ಆಕ್ಸೈಡ್‌ಗೆ ಈ ವ್ಯತ್ಯಾಸ ತಿಳಿಯದು, ಮುಟ್ಟಲು ಸಿಕ್ಕದ್ದನ್ನು ಮಾತ್ರ ಅದು ಎಣಿಸುತ್ತದೆ. ಅಂಟನ್ನು ಗಾಳಿಯಲ್ಲಿ ಸುಟ್ಟು ತೆಗೆಯೋಣವೆಂದರೆ ಸುಡುವ ಬಿಸಿಗೇ ಹರಳು ಬದಲಾಗುತ್ತದೆ.

ಹಾಗಾಗಿ ಎಕ್ಸ್-ಕಿರಣದ ನೆರವು ಪಡೆದೆವು. ಹರಳು ದೊಡ್ಡದಾದಷ್ಟೂ ವಿವರ್ತನೆಯ ಗೆರೆ, ಅಂದರೆ ಹರಳಿನಿಂದ ಚದುರಿದ ಕಿರಣ ನಕ್ಷೆಯಲ್ಲಿ ಮೂಡಿಸುವ ಗೆರೆ, ಸಪೂರವಾಗುತ್ತದೆ. ಗೆರೆಯ ಅಗಲದಿಂದ ಹರಳಿನ ಗಾತ್ರ ಸಿಗುತ್ತದೆ, ಮೇಲೆ ಅಂಟಿದೆಯೋ ಇಲ್ಲವೋ ಎಂಬುದಕ್ಕೆ ಅದು ಸೊಪ್ಪು ಹಾಕುವುದಿಲ್ಲ. ಇನ್ನೊಂದು ಕಡೆಯಿಂದ, ಅಳೆದ ಮೇಲ್ಮೈಯಿಂದಲೂ ಗಾತ್ರ ಲೆಕ್ಕ ಹಾಕಬಹುದು. ಉಂಡೆಯಾಕಾರ ಎಂದು ಹಿಡಿದರೆ 673 ಅನ್ನು ತಾಮ್ರದ ಪ್ರತಿ ಗ್ರಾಂನ ಮೇಲ್ಮೈಯಿಂದ ಭಾಗಿಸಿದಾಗ ನ್ಯಾನೋಮೀಟರಿನಲ್ಲಿ ವ್ಯಾಸ ಬರುತ್ತದೆ. ಹೊಸ ಮಾದರಿಗೆ ಅದು 21. ನಡುವಿನ ಮಾದರಿಗೆ 67, ಎಕ್ಸ್-ಕಿರಣ ಹೇಳಿದ್ದು 60ರ ಆಸುಪಾಸು. ಅಂದರೆ ನಡುವಿನಲ್ಲಿ ಹರಳು ನಿಜವಾಗಿಯೇ ಬೆಳೆದಿತ್ತು. ಮೇಲ್ಭಾಗಕ್ಕೆ ಲೆಕ್ಕ 54 ಎಂದರೆ ಎಕ್ಸ್-ಕಿರಣ 35 ಎಂದಿತು. ಅಲ್ಲಿ ಹರಳು ಅಷ್ಟು ಬೆಳೆದಿರಲಿಲ್ಲ, ಉಳಿದ ನಷ್ಟ ಅಂಟಿನದು. ಫರ್ಫ್ಯೂರಾಲ್ ಮೊದಲು ಬಂದು ಮುಟ್ಟುವುದೇ ಮೇಲ್ಭಾಗವನ್ನು, ಆದ್ದರಿಂದ ಅದು ಸಹಜ. ಈ ಎರಡು ಅಂಕಿಗಳ ನಡುವಿನ ಅಂತರದಿಂದ ನಾನು ಕಲಿತಷ್ಟು ಯಾವ ಒಂದು ಅಂಕಿಯಿಂದಲೂ ಕಲಿತಿಲ್ಲ.

ನಡುವೆ ಏಕೆ ಅತಿ ಹೆಚ್ಚು ಹಾನಿ? ಅನಿಲ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಅಪಕರ್ಷಣದ ಹೊತ್ತಿಗೆ ಬಿಸಿಯ ಅಲೆ ಮೇಲಿನಿಂದ ಹೊರಟು ಕೆಳಗೆ ಇಳಿಯುತ್ತ ಶಾಖವನ್ನು ಕೂಡಿಸಿಕೊಳ್ಳುತ್ತದೆ. ನಾನು ಉತ್ಪಾದನಾ ಮುಖ್ಯಸ್ಥರನ್ನು ಕೇಳಿದ್ದು ಒಂದೇ: ಮೊದಲ ಅಪಕರ್ಷಣದ ದಿನದ ಉಷ್ಣತೆಯ ದಾಖಲೆ.

ಎರಡು ದಿನಗಳ ನಂತರ ಅವರೇ ಅದನ್ನು ಹಿಡಿದು ಪುಣೆಗೆ ಬಂದರು. ತಾಮ್ರದ ಆಕ್ಸೈಡ್ ಹೈಡ್ರೋಜನ್‌ನಿಂದ ತಾಮ್ರವಾಗುವಾಗ ಪ್ರತಿ ಮೋಲ್‌ಗೆ ಸುಮಾರು 85 ಕಿಲೋಜೂಲ್ ಶಾಖ ಹುಟ್ಟುತ್ತದೆ. ನೈಟ್ರೋಜನ್‌ನಲ್ಲಿ ಶೇಕಡಾ 1ರಷ್ಟು ಹೈಡ್ರೋಜನ್ ಇದ್ದು ಪೂರ್ತಿ ಕ್ರಿಯೆಗೆ ಹೋದರೆ ಅನಿಲ 28 ಡಿಗ್ರಿಯಷ್ಟು ಬಿಸಿಯಾಗುತ್ತದೆ. ಪೂರೈಕೆದಾರರ ಸೂಚನೆಯಂತೆ ಶೇಕಡಾ 1ಕ್ಕಿಂತ ಕಡಿಮೆಯಿಂದ ಹೊರಟು ಮೂರು ದಿನ ತೆಗೆದುಕೊಳ್ಳಬೇಕಿತ್ತು. ಹಳೆಯ ಬ್ಯಾಚಿಗೆ ಹಾಗೆಯೇ ಮಾಡಿದ್ದರು. ಈ ಸಲ ತಡವಾಗಿತ್ತು, ಮಾಲಿಗೆ ಫೌಂಡ್ರಿಗಳ ಒತ್ತಾಯವಿತ್ತು. ರಾತ್ರಿ ಪಾಳಿಯಲ್ಲಿ ಹೈಡ್ರೋಜನ್ನನ್ನು ಶೇಕಡಾ 5ಕ್ಕೆ ಏರಿಸಿದ್ದರು. ಒಳಹೋಗುವ ಅನಿಲ 200 ಡಿಗ್ರಿ. ಲೆಕ್ಕ ಮಾಡಿದರೆ 340. ದಾಖಲೆಯಲ್ಲಿ ನಡುವಿನ ಉಷ್ಣಮಾಪಕ 338 ತೋರಿಸಿತ್ತು, ನಾಲ್ಕು ಗಂಟೆಗಳ ಕಾಲ. ಕ್ರಿಯೆಯಿಂದ ಹುಟ್ಟಿದ ನೀರಾವಿಯೂ ಆ ಬಿಸಿಯಲ್ಲಿ ತಾಮ್ರದ ಹರಳುಗಳನ್ನು ಇನ್ನಷ್ಟು ಬೇಗ ಕೂಡಿಸುತ್ತದೆ.

ಅವರು ಕಾಗದವನ್ನು ಮೇಜಿನ ಮೇಲೆ ಹರಡಿ, ಆ ಗೆರೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಕುಳಿತರು. ಪಾಳಿಯ ಹುಡುಗನ ಹೆಸರನ್ನು ಹೇಳಲಿಲ್ಲ. "ಬೇಗ ಮಾಡಿ ಎಂದು ಹೇಳಿದವನು ನಾನು" ಎಂದರು.

ಆದರೂ ಇದು ಊಹೆಯೇ ಆಗಿತ್ತು. ಅದನ್ನು ಗಟ್ಟಿ ಮಾಡಲು ಹೊಸ ಬ್ಯಾಚಿನ ಬಳಸದ ಗುಳಿಗೆಗಳನ್ನು ತೆಗೆದುಕೊಂಡು ಬೇಕೆಂದೇ ಕೆಡಿಸಿದೆವು: ತೇವದ ಹೈಡ್ರೋಜನ್‌ನಲ್ಲಿ 340 ಡಿಗ್ರಿ, ನಾಲ್ಕು ಗಂಟೆ. 13 ಇದ್ದದ್ದು 5ಕ್ಕೆ ಇಳಿಯಿತು. ಹಳೆಯ ಬ್ಯಾಚಿನ ಮಾದರಿಗೂ ಅದನ್ನೇ ಮಾಡಿದಾಗ ಅದೂ 5ಕ್ಕೇ ಇಳಿಯಿತು. ಬ್ಯಾಚಿನಲ್ಲಿ ದೋಷವಿರಲಿಲ್ಲ.

ಮುಂದೆ ಆದದ್ದು

ಕೂಡಿಹೋದ ತಾಮ್ರವನ್ನು ಮತ್ತೆ ಬಿಡಿಸಲಾಗದು. ಕಾರ್ಖಾನೆ ಹರಿವನ್ನು ತಗ್ಗಿಸಿ ಆ ಹಾಸಿಗೆಯನ್ನೇ ದೀಪಾವಳಿಯವರೆಗೆ ನಡೆಸಿತು. ಪೂರೈಕೆದಾರರ ಮೇಲಿನ ತಕರಾರನ್ನು ಉತ್ಪಾದನಾ ಮುಖ್ಯಸ್ಥರು ಲಿಖಿತವಾಗಿ ಹಿಂಪಡೆದರು. ಅವರು ಹಾಗೆ ಬರೆಯಬೇಕಾದ ಒತ್ತಾಯ ಯಾವುದೂ ಇರಲಿಲ್ಲ. ಪೂರೈಕೆದಾರರು ಮುಂದಿನ ಬ್ಯಾಚಿನ ಅಪಕರ್ಷಣಕ್ಕೆ ತಮ್ಮ ಎಂಜಿನಿಯರನ್ನು ಮೂರು ದಿನ ಕಳುಹಿಸಿಕೊಟ್ಟರು. ಹಾಸಿಗೆಯ ನಡುವಿನ ಉಷ್ಣತೆ 230 ಮುಟ್ಟಿದರೆ ಹೈಡ್ರೋಜನ್ ತಾನಾಗಿ ನಿಲ್ಲುವಂತೆ ವ್ಯವಸ್ಥೆಯಾಯಿತು. ಪರಿವರ್ತನೆ ಮತ್ತೆ 99ಕ್ಕೆ ಬಂತು. ಅಪಕರ್ಷಣದ ನಂತರ, ಫರ್ಫ್ಯೂರಾಲ್ ಬಿಡುವ ಮೊದಲೇ, ಹಾಸಿಗೆಯ ಮೇಲೆ ಜಾಲರಿ ಬುಟ್ಟಿಯಲ್ಲಿ ಇಟ್ಟಿದ್ದ ಹಿಡಿಯಷ್ಟು ಗುಳಿಗೆಗಳನ್ನು ತೆಗೆದು ನಮಗೆ ಕಳುಹಿಸಿದರು. ಅದು 12 ಎಂದಿತು.

ನಮ್ಮಲ್ಲಿ ಆದ ಬದಲಾವಣೆಗಳು ಚಿಕ್ಕವು. ವರದಿಯಲ್ಲಿ ಈಗ ಅಂಕಿಯ ಜೊತೆಗೆ ತುತ್ತುಗಳ ನಕ್ಷೆಯೂ ಹೋಗುತ್ತದೆ, ಬಾಲ ಕಾಣುವಂತೆ. ಅಳತೆಯ ಉಷ್ಣತೆ, ಮಾದರಿಯ ತೂಕ, ಅಪಕರ್ಷಣದ ವೇಗ ಅಂಕಿಯ ಪಕ್ಕದಲ್ಲೇ ಅಚ್ಚಾಗುತ್ತವೆ. ಮಾದರಿಯ ಚೀಟಿಯಲ್ಲಿ ಹೊಸದೊಂದು ಸಾಲು ಸೇರಿದೆ: ಈ ಮಾದರಿಯನ್ನು ಈ ಮೊದಲು ಅಪಕರ್ಷಿಸಲಾಗಿದೆಯೇ, ಯಾವಾಗ, ಎಷ್ಟು ಡಿಗ್ರಿಯಲ್ಲಿ, ಎಷ್ಟು ಹೊತ್ತು. ಆ ಸಾಲು ಖಾಲಿ ಬಂದರೆ ಮಾದರಿ ಮುಂದೆ ಹೋಗುವುದಿಲ್ಲ. ಹೋದ ವಾರ ಅಂಬರನಾಥದಿಂದ ಬಂದ ಒಂದು ಪೆಟ್ಟಿಗೆಯಲ್ಲಿ ಅದು ಖಾಲಿಯಿತ್ತು. ವಿಜಯಪುರದ ಹುಡುಗಿ, ಈಗ ಆಕೆ ತರಬೇತಿಯವಳಲ್ಲ, ಪೆಟ್ಟಿಗೆಯನ್ನು ಒಣಡಬ್ಬಿಯಲ್ಲಿಟ್ಟು ಫೋನ್ ಕೈಗೆತ್ತಿಕೊಂಡಳು.